ದಾನಪತ್ರ, ಮುಯ್ಯಿ, ಮಡಿಲಕ್ಕಿ: ಕೊಡೋದಕ್ಕೆ ಇಷ್ಟೊಂದು ಹೆಸರು ಯಾಕೆ?

ಆಸ್ತಿಯ ಕಂಪ್ಯೂಟರ್ ದಾಖಲೆಯಾದ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಅಂತಾದ ಮೇಲೆ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳಲ್ಲಿ ಬೀರುವಿನ ಹಳೇ ಕಾಗದಗಳು ಹೊರಗೆ ಬಂದಿವೆ. ಸೈಟು ಅಪ್ಪನ ಹೆಸರಲ್ಲಿದೆ, ಮನೆ ಅಮ್ಮನ ಹೆಸರಲ್ಲಿದೆ, ಕೈಕಾಲು ಗಟ್ಟಿ ಇರುವಾಗಲೇ ಮಕ್ಕಳ ಹೆಸರಿಗೆ ಮಾಡಿಬಿಡೋಣ ಅಂತ ಹಿರಿಯರು ಸಬ್ ರಿಜಿಸ್ಟ್ರಾರ್ ಕಚೇರಿ ಕಡೆ ಹೊರಟಿದ್ದಾರೆ. ಪತ್ರ ಬರಹಗಾರರು ಮೊದಲು ಕೇಳುವುದೇ ಇದು: ‘ಏನ್ ಮಾಡ್ಸೋಣ ಯಜಮಾನ್ರೇ, ದಾನಪತ್ರಾನಾ, ವಿಭಾಗಾನಾ, ವಿಲ್ಲಾ?’

ದಾನ ಅಂದ ಕೂಡಲೇ ಕೆಲವರಿಗೆ ಮುಖ ಕೆಂಪಗಾಗುತ್ತದೆ. ಅಪ್ಪನ ಮನೆಯನ್ನು ಮಗ ದಾನ ತಗೊಳ್ಳೋದೇನು, ನಾವೇನು ಭಿಕ್ಷೆ ಬೇಡ್ತಿದ್ದೀವಾ ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಮಾತಿನಲ್ಲಿ ದಾನ ಬೇರೆ, ಮುಯ್ಯಿ ಬೇರೆ, ಮಡಿಲಕ್ಕಿ ಬೇರೆ, ಕಾಣಿಕೆ ಬೇರೆ. ಕಾನೂನು ಇವುಗಳಲ್ಲಿ ಒಂದೇ ಪದ ಆರಿಸಿಕೊಂಡು ಎಲ್ಲದಕ್ಕೂ ಹಚ್ಚಿದೆ. ಈ ಪದಗಳು ನಿಜವಾಗಿ ಏನು ಹೇಳುತ್ತವೆ, ಕಾನೂನಿನ ದಾನಕ್ಕೂ ನಮ್ಮ ದಾನಕ್ಕೂ ಏನು ವ್ಯತ್ಯಾಸ ಅಂತ ಬಿಡಿಸಿ ನೋಡೋಣ. ಸುಮ್ನೆ ಪದದ ಮೋಜಿಗಲ್ಲ, ಇದರಲ್ಲಿ ಎಡವಿದರೆ ಮನೆಯೇ ಕೈತಪ್ಪುತ್ತದೆ.

ಕೊಟ್ಟಿದ್ದು ವಾಪಸ್ ಬರಬೇಕಾ?

ಯಾವ ಪದ ಎಲ್ಲಿ ಬಳಸುತ್ತೇವೆ ಅಂತ ತಿಳಿಯೋಕೆ ಮೂರು ಪ್ರಶ್ನೆ ಸಾಕು. ಕೊಟ್ಟಿದ್ದು ಯಾವತ್ತಾದರೂ ವಾಪಸ್ ಬರಬೇಕಾ? ಕೊಡುವವರು ಮೇಲೆ ನಿಂತಿದ್ದಾರಾ, ತಗೊಳ್ಳುವವರು ಮೇಲೆ ನಿಂತಿದ್ದಾರಾ? ಇದನ್ನು ಬರೆದಿಡುತ್ತಾರಾ, ಇಲ್ಲವಾ? ನಮ್ಮಲ್ಲಿ ಕೊಡುವುದರ ಹೆಸರು ಹೇಳಿದರೆ ಸಾಕು, ಈ ಮೂರಕ್ಕೂ ಉತ್ತರ ಅದರಲ್ಲೇ ಇರುತ್ತದೆ. ಮುಂದೆ ಯಾರು ಯಾರಿಗೆ ಏನು ಬಾಕಿ ಅನ್ನುವುದನ್ನು ಕೊಡುವ ಹೊತ್ತಿಗೇ ಹೆಸರು ಗೊತ್ತುಮಾಡಿರುತ್ತದೆ.

ಕ್ರಿಯಾಪದ ನೋಡಿದರೂ ಗೊತ್ತಾಗುತ್ತದೆ. ದೇವರಿಗೆ ಕಾಣಿಕೆ ಒಪ್ಪಿಸುತ್ತೇವೆ, ಮದುವೆಗೆ ಮುಯ್ಯಿ ಹಾಕುತ್ತೇವೆ, ಸಂಕ್ರಾಂತಿಗೆ ಎಳ್ಳು ಬೀರುತ್ತೇವೆ, ಮಗಳಿಗೆ ಮಡಿಲು ತುಂಬುತ್ತೇವೆ, ಹಸಿದವರಿಗೆ ಅನ್ನ ಇಕ್ಕುತ್ತೇವೆ. ‘ಮುಯ್ಯಿ ಒಪ್ಪಿಸಿದೆ’ ಅಂದರೆ ಕೇಳಿದವರು ನಗುತ್ತಾರೆ.

ಮುಯ್ಯಿ: ಬರೆದಿಡುವ ಪ್ರೀತಿ

ಛತ್ರದಲ್ಲಿ ಮಂಟಪದ ಪಕ್ಕ ಒಂದು ಟೇಬಲ್. ಅಲ್ಲಿ ಇಬ್ಬರು ಕೂತಿರುತ್ತಾರೆ. ಒಬ್ಬರ ಕೈಯಲ್ಲಿ ಉದ್ದನೆಯ ನೋಟ್ ಬುಕ್ಕು, ಮೊದಲ ಹಾಳೆಯಲ್ಲಿ ಅರಿಶಿನದ ಬೊಟ್ಟು, ಮೇಲೆ ‘ಶ್ರೀ’. ಇನ್ನೊಬ್ಬರು ದುಡ್ಡು ಎಣಿಸಿ ಕಂಕುಳ ಚೀಲಕ್ಕೆ ಹಾಕುತ್ತಾರೆ. ಬರೆಯುವವರು ಮೊದಲು ಊರು ಕೇಳುತ್ತಾರೆ, ಆಮೇಲೆ ಹೆಸರು, ಕೊನೆಗೆ ಮೊತ್ತ. ಊರು ಮೊದಲು ಬೇಕೇಬೇಕು, ಯಾಕೆಂದರೆ ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ, ಇಪ್ಪತ್ತು ವರ್ಷದ ಮೇಲೆ ಈ ಪುಸ್ತಕ ತೆಗೆದಾಗ ಯಾವ ಊರಿನ ನಂಜಪ್ಪ ಅಂತ ಗೊತ್ತಾಗಬೇಕಲ್ವಾ?

ತೆಗೆದೇ ತೆಗೆಯುತ್ತಾರೆ. ಅವರ ಮನೆಯಿಂದ ಮದುವೆ ಪತ್ರಿಕೆ ಬಂದ ದಿನ ರಾತ್ರಿ ಅಮ್ಮ ಹೇಳುತ್ತಾಳೆ: ‘ನಮ್ ದೊಡ್ಡೋಳ ಮದ್ವೇಲಿ ಅವ್ರು ಎಷ್ಟು ಹಾಕಿದ್ರು ನೋಡ್ರೀ.’ 101 ಇದ್ದರೆ ಈಗ 501, 501 ಇದ್ದರೆ 1,001. ಕಡಿಮೆ ಹಾಕುವಂತಿಲ್ಲ. ಹಾಕಿದಷ್ಟೇ ವಾಪಸ್ ಹಾಕಿದರೂ ಸರಿಯಿಲ್ಲ, ಅದು ಲೆಕ್ಕ ಚುಕ್ತಾ ಮಾಡಿಕೊಂಡು ಇನ್ನು ನಿಮ್ಮ ನಂಟು ಬೇಡ ಅಂದಂತಾಗುತ್ತದೆ. ಅದಕ್ಕೇ ಸ್ವಲ್ಪ ಜಾಸ್ತಿ ಸೇರಿಸುತ್ತಾರೆ. ಆ ಜಾಸ್ತಿ ಅವರ ಮೇಲೆ ಬಾಕಿ ನಿಲ್ಲುತ್ತದೆ, ಮುಂದಿನ ಸಲ ಅವರು ಬರುತ್ತಾರೆ, ಹೀಗೆ ನಂಟು ನಡೆಯುತ್ತಲೇ ಇರುತ್ತದೆ. ಕೊನೆಯ ಒಂದು ರೂಪಾಯಿಗೂ ಜನ ಇದೇ ಕಾರಣ ಹೇಳುತ್ತಾರೆ, ಸೊನ್ನೆಗೆ ನಿಂತರೆ ಮುಗಿದುಹೋಯಿತು ಅಂತ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ತೆಲುಗು ಮನೆಗಳಲ್ಲಿ ಲೆಕ್ಕ 116, 516, 1,116 ಅಂತ ಹೋಗುತ್ತದೆ.

ಆ ಕಡೆ ಇದಕ್ಕೆ ತೆಲುಗಿನಲ್ಲಿ ‘ಚದಿವಿಂಪುಲು’ ಅನ್ನುತ್ತಾರೆ, ಕನ್ನಡದಲ್ಲಿ ‘ಓದಿಸುವುದು’ ಅನ್ನುತ್ತಾರೆ. ಎರಡೂ ಒಂದೇ. ಯಾರು ಏನು ಕೊಟ್ಟರು ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿಸುವ ಪದ್ಧತಿ. ಈಗ ಮೈಕ್ ಇಲ್ಲದಿದ್ದರೂ ಪದ ಉಳಿದಿದೆ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುವ ಮಾತು ದಾನಕ್ಕೆ ಸರಿ, ಮುಯ್ಯಿಗೆ ಅಲ್ಲ. ಮುಯ್ಯಿ ನಾಲ್ಕು ಜನಕ್ಕೆ ಗೊತ್ತಾಗಲೇಬೇಕು.

ಇದರ ಹಿಂದೆ ಇರುವ ಲೆಕ್ಕಾಚಾರ ತುಂಬ ಸರಳ. ಮದುವೆ ಒಂದು ಮನೆಗೆ ಒಂದೇ ಸಲ ದೊಡ್ಡ ಖರ್ಚು ತರುತ್ತದೆ. ಆವತ್ತು ಊರೆಲ್ಲ ಸ್ವಲ್ಪ ಸ್ವಲ್ಪ ಹಾಕುತ್ತದೆ. ನೀವು ಅದನ್ನು ವರ್ಷಗಟ್ಟಲೆ, ಒಬ್ಬೊಬ್ಬರ ಮನೆ ಶುಭಕಾರ್ಯಕ್ಕೆ ಸ್ವಲ್ಪ ಸ್ವಲ್ಪ ತೀರಿಸುತ್ತೀರಿ. ಬ್ಯಾಂಕು ಇಲ್ಲದ ಕಾಲದಲ್ಲಿ, ಬಡ್ಡಿ ಇಲ್ಲದೆ, ಜಾಮೀನು ಇಲ್ಲದೆ ನಡೆದ ಕೈಸಾಲ. ಹೊಲದಲ್ಲೂ ಇದೇ ಪದ್ಧತಿ ಇತ್ತು. ಇವತ್ತು ನಾನು ನಿಮ್ಮ ರಾಗಿ ಹೊಲದ ಕಳೆಗೆ ಬರುತ್ತೇನೆ, ನಾಳೆ ನೀವು ನಮ್ಮ ಹೊಲಕ್ಕೆ ಬನ್ನಿ. ಇದಕ್ಕೆ ಮುಯ್ಯಾಳು ಅಂತ ಹೆಸರು. ಕೂಲಿ ಕೈ ಬದಲಾಗುವುದಿಲ್ಲ, ಆಳಿಗೆ ಆಳು. ಯಂತ್ರ ಬಂದ ಮೇಲೆ, ದಿನಗೂಲಿ ಬಂದ ಮೇಲೆ ಮುಯ್ಯಾಳು ಕಡಿಮೆಯಾಗಿದೆ.

ಇನ್ನೊಂದು ತಮಾಷೆ. ಹಗೆ ತೀರಿಸಿಕೊಳ್ಳುವುದಕ್ಕೂ ‘ಮುಯ್ಯಿ ತೀರಿಸಿಕೊಂಡ’ ಅಂತಲೇ ಹೇಳುತ್ತೇವೆ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಪಡೆದದ್ದನ್ನು ಹಿಂದಿರುಗಿಸುವುದೇ ಮುಯ್ಯಿ.

ಉಡುಗೊರೆ ಇದಕ್ಕಿಂತ ಸಡಿಲವಾದ ಪದ. ಒಳಗೆ ‘ಉಡು’ ಇದೆ, ಸೀರೆ ಪಂಚೆಗೆ ಹತ್ತಿರದ ಪದ. ಈಗ ಗೋಡೆ ಗಡಿಯಾರ, ಮಿಕ್ಸಿ ಎಲ್ಲವೂ ಉಡುಗೊರೆಯೇ. ‘ಆಶೀರ್ವಾದವೇ ಉಡುಗೊರೆ’ ಅಂತ ಪತ್ರಿಕೆಯಲ್ಲಿ ಅಚ್ಚು ಹಾಕಿಸುವವರು ಹೆಚ್ಚಾಗುತ್ತಿದ್ದಾರೆ, ಆದರೆ ಆ ಪತ್ರಿಕೆ ಓದಿದವರೂ ಕವರ್ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾರೆ. ಹಳೇ ಬಾಕಿ ಇದೆಯಲ್ಲ!

ಮಡಿಲಕ್ಕಿ, ಬಾಗಿನ, ಅರಿಶಿನ ಕುಂಕುಮ

ತವರಿಗೆ ಬಂದ ಮಗಳು ಹೊರಡುವಾಗ ದೇವರ ಮುಂದೆ ಮಣೆ ಹಾಕಿ ಕೂರಿಸುತ್ತಾರೆ. ಸೆರಗು ಹಿಡಿಯಮ್ಮ ಅಂತ ಹೇಳಿ ಅದರಲ್ಲಿ ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಬಳೆ, ರವಿಕೆ ಕಣ ಇಡುತ್ತಾರೆ. ತಿಪಟೂರು ಕಡೆಯಾದರೆ ಕೊಬ್ಬರಿ ಗಿಟುಕು ಇದ್ದೇ ಇರುತ್ತದೆ. ಕೆಲವು ಮನೆಗಳಲ್ಲಿ ಎದ್ದ ಮೇಲೆ ಮಗಳು ಅದರಿಂದ ಒಂದು ಹಿಡಿ ಅಕ್ಕಿಯನ್ನು ತವರಿನಲ್ಲೇ ಉಳಿಸಿ ಹೋಗುತ್ತಾಳೆ, ತವರು ಬರಿದಾಗಬಾರದು ಅಂತ. ಇದನ್ನು ಯಾವ ನೋಟ್ ಬುಕ್ಕಿನಲ್ಲೂ ಬರೆಯುವುದಿಲ್ಲ. ವಾಪಸ್ ಬರುವ ಮಾತೂ ಇಲ್ಲ. ಬೇಡ ಅನ್ನುವಂತೆಯೂ ಇಲ್ಲ. ಸರ್ಕಾರ ಬಾಣಂತಿಯರಿಗೆ ಕೊಡುತ್ತಿದ್ದ ಕಿಟ್ಟಿಗೆ ‘ಮಡಿಲು’ ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ. ಆ ಹೆಸರಿದ್ದರೆ ತಗೊಳ್ಳುವವರಿಗೆ ಕೈ ಚಾಚಿದೆವು ಅಂತ ಅನ್ನಿಸುವುದಿಲ್ಲ.

ಗೌರಿ ಹಬ್ಬದ ಮೊರದ ಬಾಗಿನ ಇದರ ಇನ್ನೊಂದು ರೂಪ. ಒಂದು ಮೊರದಲ್ಲಿ ಬೇಳೆ, ಅಕ್ಕಿ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ, ಅರಿಶಿನ ಕುಂಕುಮ ಇಟ್ಟು ಇನ್ನೊಂದು ಮೊರ ಮುಚ್ಚುತ್ತಾರೆ. ಕೊಡುವವಳೂ ಸೆರಗು ಮುಚ್ಚಿ ಕೊಡುತ್ತಾಳೆ, ತಗೊಳ್ಳುವವಳೂ ಸೆರಗಿನಲ್ಲೇ ಹಿಡಿಯುತ್ತಾಳೆ. ಇಲ್ಲಿ ತಗೊಳ್ಳುವವಳು ಗೌರಿಯ ಸಮಾನ, ಹಾಗಾಗಿ ಅವಳೇ ಮೇಲೆ. ಕೆರೆ ತುಂಬಿ ಕೋಡಿ ಬಿದ್ದಾಗಲೂ ಬಾಗಿನ ಬಿಡುತ್ತೇವೆ. ಕೋಲಾರದಲ್ಲಿ ವರ್ಷಗಟ್ಟಲೆ ಒಣಗಿ ಬಿರುಕು ಬಿಟ್ಟಿದ್ದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರತೊಡಗಿತು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟ ನೀರು, ಅದರ ಬಗ್ಗೆ ತಕರಾರುಗಳೂ ಇವೆ. ಅದೇನೇ ಇರಲಿ, ಕೆರೆ ತುಂಬಿತು ಅಂದರೆ ನಮ್ಮವರು ಮೊರ ಹಿಡಿದು ಏರಿ ಹತ್ತುತ್ತಾರೆ.

ಈಗ ಕಷ್ಟದ ಭಾಗಕ್ಕೆ ಬರೋಣ. ನಮ್ಮ ಕಡೆ ‘ಅರಿಶಿನ ಕುಂಕುಮಕ್ಕೆ ಕೊಟ್ಟ ಜಮೀನು’ ಅಂತ ಒಂದು ಮಾತಿದೆ. ಮಗಳ ಮದುವೆಯಲ್ಲಿ ಅಪ್ಪ, ಈ ಅರ್ಧ ಎಕರೆ ನಿನಗೆ ಅರಿಶಿನ ಕುಂಕುಮಕ್ಕೆ ಅಂತ ಹತ್ತು ಜನರ ಮುಂದೆ ಹೇಳುತ್ತಾನೆ. ಮಗಳು ವರ್ಷಾ ವರ್ಷ ಅದರ ರಾಗಿ ತಗೊಂಡು ಹೋಗುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ತಮ್ಮಂದಿರು ಪಹಣಿ ತೆಗೆಸಿದರೆ ಅವಳ ಹೆಸರೇ ಇಲ್ಲ. ಊರಿನ ಕಣ್ಣಲ್ಲಿ ಅದು ಕೊಟ್ಟದ್ದು. ಕಾನೂನಿನ ಕಣ್ಣಲ್ಲಿ ನೋಂದಣಿಯಾದ ಪತ್ರವಿಲ್ಲ, ಹಾಗಾಗಿ ದಾನವೇ ಆಗಿಲ್ಲ. ಜಮೀನಿಗೆ ಬೆಲೆ ಇಲ್ಲದಾಗ ಇದು ಯಾರಿಗೂ ತೊಂದರೆ ಕೊಡಲಿಲ್ಲ. ವಸಂತನರಸಾಪುರ, ನರಸಾಪುರದ ಕಡೆ ಕೈಗಾರಿಕೆ ಬಂದು ಎಕರೆಗೆ ರೇಟು ಏರಿದ ಮೇಲೆ ಇದೇ ಮಾತು ಕೋರ್ಟಿನ ಮೆಟ್ಟಿಲು ಹತ್ತಿಸುತ್ತಿದೆ.

ಇದಕ್ಕೆ ಉಲ್ಟಾ ಕೂಡ ನಡೆಯುತ್ತದೆ. ‘ನಿಂಗೆ ಮದುವೇಲಿ ಕೊಟ್ಟಿದ್ದಾಯ್ತಲ್ಲಮ್ಮ, ಹಬ್ಬಕ್ಕೆ ಬಾ, ಅರಿಶಿನ ಕುಂಕುಮ ತಗೊಂಡು ಹೋಗು’ ಅಂತ ಹೇಳಿ ಅಕ್ಕ ತಂಗಿಯರ ಕೈಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಆಗ ಅದು ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಇತ್ತು. 2005ರಲ್ಲಿ ಇಡೀ ದೇಶಕ್ಕೆ, ಮದುವೆಯಾದವರಿಗೂ ಸೇರಿ ಸಮಪಾಲು ಆಯಿತು. ಅಂದರೆ ಅದು ಅವಳ ಹಕ್ಕು, ಅಣ್ಣ ಕೊಡುವ ಉಡುಗೊರೆಯಲ್ಲ. ಸಹಿ ಹಾಕಿದರೆ ಆಗ ಕೊಡುವವಳು ಅವಳು, ತಗೊಳ್ಳುವವನು ಅಣ್ಣ. ಸೀರೆ ಕೊಟ್ಟವರು ಇದನ್ನು ಹೇಳುವುದಿಲ್ಲ.

ದಾನ, ಭಿಕ್ಷೆ, ದಾಸೋಹ

ದಾನದಲ್ಲಿ ವಾಪಸ್ ಬರುವ ಮಾತಿಲ್ಲ, ಆದರೆ ಕೊಡುವ ಕೈ ಮೇಲೆ, ತಗೊಳ್ಳುವ ಕೈ ಕೆಳಗೆ. ಮನೆ ದಾನಪತ್ರದ ವಿಷಯದಲ್ಲಿ ಮಗನಿಗೆ ಚುಚ್ಚುವುದು ಇದೇ. ಭಿಕ್ಷೆ ಇನ್ನೂ ಕೆಳಗೆ, ಆದರೆ ಅದರಲ್ಲೂ ಎರಡು ಬಗೆ. ಬಸ್ ಸ್ಟ್ಯಾಂಡಿನಲ್ಲಿ ಬೇಡುವುದೂ ಭಿಕ್ಷೆ, ಸ್ವಾಮಿಗಳು ಭಕ್ತರ ಮನೆಯಲ್ಲಿ ಊಟ ಮಾಡುವುದೂ ಭಿಕ್ಷೆ. ಎರಡನೆಯದರಲ್ಲಿ ಕೊಡುವವರೇ ಕಾಲಿಗೆ ಬೀಳುತ್ತಾರೆ.

ಈ ಮೇಲೆ ಕೆಳಗೆಯ ತೊಂದರೆಯನ್ನು ಬಿಡಿಸಿದ ಪದ ದಾಸೋಹ. ನಾನು ಸೇವಕ ಅನ್ನುವುದು ಅದರ ಮೂಲ ಅರ್ಥ. ಅಂದರೆ ಅನ್ನ ಹಾಕುವವನು ಆಳು, ಉಣ್ಣುವವನು ಒಡೆಯ. 12ನೇ ಶತಮಾನದ ಶರಣರ ಕಾಲದಲ್ಲಿ ಈ ಪದಕ್ಕೆ ಬಲ ಬಂತು. ಆ ಕಾಲದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಿಮಗೆ ಗೊತ್ತಿರಬಹುದು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ಮಾಡುತ್ತಿದ್ದವರು. ಒಂದು ದಿನ ಮಾರಯ್ಯ ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಹೆಚ್ಚಿಗೆಯದನ್ನು ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದಳು. ದುಡಿಮೆಯಿಂದ ಬಂದದ್ದು ಮಾತ್ರ ದಾಸೋಹಕ್ಕೆ ಸಲ್ಲುತ್ತದೆ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಅಂತ ಗಾದೆ ಇದೆಯಲ್ಲ, ಅದು ಇಲ್ಲಿ ನಡೆಯುವುದಿಲ್ಲ.

ತುಮಕೂರಿನವರಿಗೆ ದಾಸೋಹ ಅಂದರೆ ಸಿದ್ಧಗಂಗೆ. ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು, 2007ರಲ್ಲಿ ಅವರಿಗೆ ಕರ್ನಾಟಕ ರತ್ನ ಬಂದಿತ್ತು. ಜನವರಿ 21ನ್ನು ಈಗ ದಾಸೋಹ ದಿನ ಅಂತ ಆಚರಿಸುತ್ತಾರೆ. ಮಠದಲ್ಲಿ ಸಾವಿರಾರು ಹುಡುಗರು ಜಾತಿ ಮತದ ಪ್ರಶ್ನೆಯಿಲ್ಲದೆ ಉಂಡು ಓದುತ್ತಾರೆ, ಅದಕ್ಕೇ ಅನ್ನ, ಅಕ್ಷರ, ಆಶ್ರಯ ಸೇರಿಸಿ ತ್ರಿವಿಧ ದಾಸೋಹ ಅನ್ನುವುದು. ಅಲ್ಲಿ ಊಟ ಮಾಡಿ ಬಂದ ಯಾರೂ ‘ದಾನದ ಊಟ’ ಮಾಡಿದೆ ಅನ್ನುವುದಿಲ್ಲ. ಸುತ್ತಲಿನ ರೈತರು ಗಾಡಿಯಲ್ಲಿ ರಾಗಿ, ತರಕಾರಿ, ಕಾಯಿ ತಂದು ಇಳಿಸಿದಾಗಲೂ ದಾನ ಕೊಟ್ಟೆವು ಅನ್ನುವುದಿಲ್ಲ, ಮಠಕ್ಕೆ ‘ಕೊಟ್ಟು ಬಂದ್ವಿ’ ಅನ್ನುತ್ತಾರೆ, ಅಷ್ಟೇ.

ಮುಸ್ಲಿಂ ಮನೆಗಳಲ್ಲಿ ಈ ವಿಂಗಡಣೆ ಇನ್ನೂ ಖಚಿತ. ಜಕಾತ್ ಅನ್ನುವುದು ದಯೆಯಲ್ಲ, ಕಡ್ಡಾಯ. ಒಂದು ಮಿತಿ ದಾಟಿದ ಉಳಿತಾಯದ ಮೇಲೆ ವರ್ಷಕ್ಕೆ ಶೇ. 2.5. ಮನಸ್ಸಿಗೆ ಬಂದಾಗ ಕೊಡುವುದು ಸದಕಾ. ರಂಜಾನ್ ಮುಗಿಯುವಾಗ ಹಬ್ಬದ ನಮಾಜಿಗೆ ಮೊದಲು ಕೊಡುವುದು ಫಿತ್ರಾ. ವಕ್ಫ್ ಅಂದರೆ ದೇವರ ಹೆಸರಿಗೆ ಶಾಶ್ವತವಾಗಿ ಬಿಟ್ಟ ಆಸ್ತಿ.

ಊರ ಜಾತ್ರೆಗೆ ಮನೆಗಿಷ್ಟು ಅಂತ ಎತ್ತುವ ವಂತಿಗೆಯೂ ಹೀಗೇ. ಇಷ್ಟವಿದ್ದರೆ ಕೊಡುವಂಥದ್ದಲ್ಲ. ಕೊಡದಿದ್ದರೆ ತೇರಿನ ದಿನ ಮುಖ ತೋರಿಸೋಕಾಗಲ್ಲ. ಗಣೇಶನ ಚಂದಾ ಹೆಸರಿಗೆ ಇಷ್ಟದ್ದು, ಹುಡುಗರ ಗುಂಪು ಬಾಗಿಲಲ್ಲಿ ನಿಂತಾಗ ಎಷ್ಟು ಇಷ್ಟದ್ದು ಅಂತ ನಿಮಗೇ ಗೊತ್ತು.

ಕಲ್ಲಿನಲ್ಲಿ ಕೊರೆದ ಕೊಡುಗೆ

ಕೋಲಾರ ಗಂಗರ ಮೊದಲ ರಾಜಧಾನಿ. ಆಗ ಅದರ ಹೆಸರು ಕುವಲಾಲ. ಸುತ್ತಮುತ್ತ ಊರೂರಲ್ಲಿ ವೀರಗಲ್ಲು, ದಾನಶಾಸನ ನಿಂತಿವೆ. ದನ ಬಿಡಿಸಲು ಹೋಗಿ, ಊರು ಕಾಯಲು ಹೋಗಿ ಸತ್ತವನ ಮನೆಯವರಿಗೆ ಕೊಟ್ಟ ಜಮೀನಿಗೆ ನೆತ್ತರುಗೊಡಗೆ ಅಂತ ಹೆಸರು. ವೀರನಿಗೆ ಕತ್ತಿ ತೊಳೆದು ಕೊಟ್ಟದ್ದು ಬಾಳ್ಗಳ್ಚು. ಕೆರೆ ಕಟ್ಟಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಅಚ್ಚುಕಟ್ಟಿನಲ್ಲಿ ಬಿಟ್ಟ ಗದ್ದೆ ಬಿತ್ತುವಟ್ಟ, ಕಟ್ಟುಗೊಡಗೆ. ಯಾಕೆ ಕೊಟ್ಟದ್ದು ಅನ್ನುವುದು ಹೆಸರಿನಲ್ಲೇ ಇದೆ, ಇದಕ್ಕಿಂತ ಚೆನ್ನಾದ ರಶೀದಿ ಬೇಕಾ? ದೇವಸ್ಥಾನಕ್ಕೆ ಬಿಟ್ಟದ್ದು ದತ್ತಿ. ನಂದಿಯ ಭೋಗನಂದೀಶ್ವರನಿಗೆ ಬಿಟ್ಟ ದತ್ತಿಗಳ ಹಳೆಯ ದಾಖಲೆ 9ನೇ ಶತಮಾನದ ಆರಂಭಕ್ಕೆ ಹೋಗುತ್ತವೆ.

ಇಂಥ ಶಾಸನಗಳ ಕೊನೆಗೆ ಬಹಳ ಸಲ ಒಂದು ಶಾಪ ಇರುತ್ತದೆ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ. ಗಮನಿಸಿ, ‘ತಾನು ಕೊಟ್ಟದ್ದಾಗಲಿ’ ಅನ್ನುವುದು ಮೊದಲು ಬರುತ್ತದೆ. ಕೊಟ್ಟವನಿಗೇ ಅದನ್ನು ವಾಪಸ್ ತಗೊಳ್ಳುವ ಹಕ್ಕಿಲ್ಲ. ಇವತ್ತಿನ ದಾನಪತ್ರದ ಕಾನೂನೂ ಇದನ್ನೇ ಹೇಳುತ್ತದೆ, ಹುಳುವಿನ ಮಾತು ಬಿಟ್ಟು.

ಆಮೇಲೆ ಬಂದ ಪದ ಇನಾಂ. ಶಾನುಭೋಗ, ಪಟೇಲ, ತೋಟಿ, ತಳವಾರ, ನೀರಗಂಟಿಯರಿಗೆ ಸಂಬಳದ ಬದಲು ಜಮೀನು. ಹೆಸರಿಗೆ ಬಹುಮಾನ, ನಿಜವಾಗಿ ಕೂಲಿ. ಮೈಸೂರು ಸರ್ಕಾರ 1954 ಮತ್ತು 1955ರ ಕಾಯ್ದೆಗಳಿಂದ ಇನಾಂಗಳನ್ನು ರದ್ದು ಮಾಡಿತು, 1961ರ ಕಾಯ್ದೆಯಿಂದ ಗ್ರಾಮ ಹುದ್ದೆಗಳ ಜಮೀನೂ ಅದೇ ದಾರಿ ಹಿಡಿಯಿತು. ನೀವು ಕೊಳ್ಳಲು ಹೊರಟ ಜಮೀನಿನ ಹಳೇ ಕಾಗದದಲ್ಲಿ ‘ತೋಟಿ ಇನಾಂ’ ಅಂತಲೋ ‘ದೇವಾದಾಯ’ ಅಂತಲೋ ಕಂಡರೆ ಅಲ್ಲೇ ನಿಂತು ವಕೀಲರನ್ನು ಕೇಳಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಮಾರಾಟ ನಿಲ್ಲುವುದಿಲ್ಲ.

ಕಾಣಿಕೆ ಹೋಗಿ ಮಾಮೂಲು ಆಗುವುದು

ಕಾಣಿಕೆ ಬಂದದ್ದು ‘ಕಾಣು’ವಿನಿಂದ. ದೊಡ್ಡವರನ್ನು, ದೇವರನ್ನು ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ತಿರುಪತಿಗೆ ಹರಸಿಕೊಂಡು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿಡುವ ಮುಡಿಪೂ ಕಾಣಿಕೆಯೇ. ಇಲ್ಲಿ ಕೊಡುವವರು ಕೆಳಗೆ, ಪಡೆಯುವವರು ಮೇಲೆ. ದಕ್ಷಿಣೆಯೂ ಹಾಗೇ, ಕೆಲಸ ಮುಗಿದ ಮೇಲೆ ಪುರೋಹಿತರಿಗೆ ತಾಂಬೂಲದ ಜೊತೆ ಕೊಡುವಂಥದ್ದು.

ಇವು ಮರ್ಯಾದೆಯ ಪದಗಳು. ಹಾಗಾಗಿಯೇ ಮರ್ಯಾದೆ ಇಲ್ಲದ ಕೊಡುಕೊಳ್ಳುವಿಕೆ ಇವುಗಳ ಬಟ್ಟೆ ಹಾಕಿಕೊಂಡು ಓಡಾಡುತ್ತದೆ. ವರದಕ್ಷಿಣೆಯೊಳಗೆ ದಕ್ಷಿಣೆ ಕೂತಿದೆ. ಆ ಪದ ಕೆಟ್ಟ ಮೇಲೆ ‘ವರೋಪಚಾರ’ ಅಂದರು. ಈಗ ‘ನಿಮ್ಮ ಮಗಳಿಗೆ ನೀವು ಏನು ಬೇಕಾದ್ರೂ ಕೊಟ್ಕೊಳ್ಳಿ’ ಅನ್ನುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಹೆಸರು ನೋಡುವುದಿಲ್ಲ. ಮದುವೆಗೆ ಸಂಬಂಧಿಸಿ ಕೊಟ್ಟದ್ದಾ, ಕೊಡಲು ಒಪ್ಪಿದ್ದಾ ಅಂತ ಮಾತ್ರ ಕೇಳುತ್ತದೆ. ಕೊಟ್ಟವರೂ ತಪ್ಪಿತಸ್ಥರೇ, ಕನಿಷ್ಠ 5 ವರ್ಷ ಜೈಲು. ಬೇಡಿಕೆ ಇಲ್ಲದೆ, ಪದ್ಧತಿಯಂತೆ ಕೊಟ್ಟ ಉಡುಗೊರೆಗೆ ವಿನಾಯಿತಿ ಇದೆ. ಆದರೆ 1985ರ ನಿಯಮದಂತೆ ಅದರ ಪಟ್ಟಿ ಇಡಬೇಕು: ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು. ಪಟ್ಟಿಗೆ ಮದುಮಕ್ಕಳ ಸಹಿ ಇರಬೇಕು. ಮುಯ್ಯಿ ಪುಸ್ತಕ ಇಷ್ಟು ಶಿಸ್ತಾಗಿ ಬರೆಯುವ ನಾವು ಈ ಪಟ್ಟಿ ಬರೆಯುವುದು ಮಾತ್ರ ಕಾಣೆ.

ಲಂಚದ ಹೆಸರುಗಳೂ ಇಂಥವೇ. ಖುಷಿಗೆ ಏನಾದ್ರೂ, ಟೀ ಕಾಸು, ಕೈ ಬೆಚ್ಚಗೆ, ಮಾಮೂಲು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಕೊಟ್ಟವರ ಮೇಲೂ ಕೇಸು ಬೀಳುತ್ತದೆ. ಬಲವಂತಕ್ಕೆ ಕೊಡಬೇಕಾಗಿ ಬಂದರೆ 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ಬಚಾವ್.

ಕೊನೆಗೆ ದಾನಪತ್ರ

1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಂ ಪ್ರಕಾರ ದಾನ ಅಂದರೆ ಇಷ್ಟು: ಈಗ ಇರುವ ಆಸ್ತಿಯನ್ನು, ಸ್ವಂತ ಇಚ್ಛೆಯಿಂದ, ಪ್ರತಿಫಲವಿಲ್ಲದೆ ಕೊಡುವುದು, ಮತ್ತು ಕೊಡುವವರು ಬದುಕಿರುವಾಗಲೇ ಪಡೆಯುವವರು ಅದನ್ನು ಒಪ್ಪಿಕೊಳ್ಳುವುದು. ಮೇಲೆ ಕೆಳಗೆ ಅನ್ನುವ ಮಾತೇ ಇದರಲ್ಲಿಲ್ಲ. ಮಗ ಮುಖ ಕೆಂಪು ಮಾಡಿಕೊಳ್ಳಬೇಕಾಗಿಲ್ಲ. ದುಡ್ಡು ಕೈ ಬದಲಾದರೆ ಅದು ಕ್ರಯ, ಬದಲಾಗದಿದ್ದರೆ ದಾನ, ಅಷ್ಟೇ ಅರ್ಥ.

123ನೇ ಕಲಂ ಪ್ರಕಾರ ಮನೆ, ಸೈಟು, ಜಮೀನಾದರೆ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿ ಬೇಕು. ಬಾಯಿಮಾತು ಸಾಲದು. ಮುಸ್ಲಿಮರ ಹಿಬಾಕ್ಕೆ, ಅಂದರೆ ಅವರ ಕಾನೂನಿನ ದಾನಕ್ಕೆ, ಮಾತ್ರ ಬೇರೆ ಲೆಕ್ಕ. ಕೊಟ್ಟೆ ಅನ್ನುವುದು, ಒಪ್ಪಿಕೊಂಡೆ ಅನ್ನುವುದು, ಸ್ವಾಧೀನ ಬಿಟ್ಟುಕೊಡುವುದು, ಈ ಮೂರೂ ಆದರೆ ಬಾಯಿಮಾತಿನ ಹಿಬಾ ನಿಲ್ಲುತ್ತದೆ.

ಹತ್ತಿರದ ಸಂಬಂಧಿಕರಿಗೆ ದಾನ ಬರೆದರೆ ಮುದ್ರಾಂಕ ಶುಲ್ಕ ಕ್ರಯಕ್ಕಿಂತ ತುಂಬಾ ಕಡಿಮೆ. ಜನ ದಾನಪತ್ರದ ಕಡೆ ವಾಲುವುದಕ್ಕೆ ಇದೇ ದೊಡ್ಡ ಕಾರಣ. ಆದರೆ ಕೊಡುವವರ ಸ್ವಂತದ್ದಾಗಿರಬೇಕು. ವಿಭಾಗವಾಗದ ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲು ಅಂತ ಒಬ್ಬರೇ ದಾನ ಬರೆಯಲು ಬರುವುದಿಲ್ಲ, ಅಲ್ಲಿ ವಿಭಾಗ ಪತ್ರವೇ ದಾರಿ.

ಎಲ್ಲಕ್ಕಿಂತ ಮುಖ್ಯ ಮಾತು ಇದು. ವಿಲ್ ಬರೆದರೆ ಅದು ಸತ್ತ ಮೇಲೆ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಹರಿದು ಬೇರೆ ಬರೆಯಬಹುದು. ದಾನಪತ್ರ ಸಾರಿಗೆ ಹಾಕಿದ ಉಪ್ಪು. ಬಿದ್ದ ಮೇಲೆ ತೆಗೆಯೋಕಾಗಲ್ಲ. ಮನಸ್ಸು ಬದಲಾಯಿತು ಅಂತ ರದ್ದು ಮಾಡಲು 126ನೇ ಕಲಂ ಬಿಡುವುದಿಲ್ಲ. ಮೋಸ, ಬಲವಂತ ಸಾಬೀತಾಗಬೇಕು, ಇಲ್ಲವೇ ಇಬ್ಬರೂ ಮೊದಲೇ ಒಪ್ಪಿದ ಷರತ್ತು ಇರಬೇಕು. ಎಷ್ಟೋ ಪತ್ರಗಳಲ್ಲಿ ‘ಪ್ರೀತಿ ವಾತ್ಸಲ್ಯದಿಂದ, ಯಾರ ಬಲವಂತವೂ ಇಲ್ಲದೆ’ ಅನ್ನುವ ಸಾಲು ಮಾತ್ರ ಇರುತ್ತದೆ, ನೋಡಿಕೊಳ್ಳುವ ಮಾತು ಒಂದಕ್ಷರವೂ ಇರುವುದಿಲ್ಲ. ಗೌರಿಬಿದನೂರಿನ ಕಡೆಯ ಒಬ್ಬ ಅಜ್ಜಿ ಇದ್ದ ಒಂದೇ ಮನೆಯನ್ನು ಹೀಗೆ ಬರೆದುಕೊಟ್ಟರು ಅಂದುಕೊಳ್ಳಿ. ಆರು ತಿಂಗಳಿಗೆ ಊಟಕ್ಕೆ ಕರೆಯುವವರಿಲ್ಲ. ಆಗ ಏನು ದಾರಿ?

ದಾರಿ ಇದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಂ. 60 ದಾಟಿದವರು, ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ ಆ ಪತ್ರ ರದ್ದಾಗಬಹುದು. ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಗಳ ಮುಂದಿನ ನ್ಯಾಯಮಂಡಳಿಗೆ. ತುಮಕೂರು ಜಿಲ್ಲೆಯಲ್ಲಿ ಇವರ ಕಚೇರಿ ತುಮಕೂರು, ತಿಪಟೂರು, ಮಧುಗಿರಿಯಲ್ಲಿವೆ. ಪತ್ರದಲ್ಲಿ ಷರತ್ತೇ ಇಲ್ಲದಿದ್ದರೆ? 2022ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇತ್ತು ಅಂತ ತೋರಿಸಲೇಬೇಕು ಅಂದಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಇದು ಹಿರಿಯರ ಒಳ್ಳೆಯದಕ್ಕೆ ಬಂದ ಕಾಯ್ದೆ, ಅದನ್ನು ಉದಾರವಾಗಿ ಓದಬೇಕು ಅಂತ ಹೇಳಿ ತಾಯಿಯ ಪರ ತೀರ್ಪು ಕೊಟ್ಟಿತು. ಆ ತಾಯಿಯ ಬಳಿ, ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟ ಬೇರೆ ಕಾಗದ ಇತ್ತು. ಹಾಗಾಗಿ ‘ನಮ್ಮ ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ದಾನ ರದ್ದು’ ಅನ್ನುವ ಎರಡು ಸಾಲು ಪತ್ರದಲ್ಲೇ ಬರೆಸಿ. ಮಗನ ಮುಂದೆ ಹೇಗೆ ಬರೆಸೋದು ಅಂತ ನಾಚಿಕೆ ಪಡುವವರೇ ಜಾಸ್ತಿ. ನೋಡಿಕೊಳ್ಳುವ ಮಗನಿಗೆ ಆ ಸಾಲಿನಿಂದ ನಷ್ಟವೇನೂ ಇಲ್ಲ.

ತೆರಿಗೆಯವರ ‘ಗಿಫ್ಟ್’

ಆದಾಯ ತೆರಿಗೆಗೆ ಮೇಲಿನ ಯಾವ ಪದವೂ ಗೊತ್ತಿಲ್ಲ, ಎಲ್ಲವೂ ಗಿಫ್ಟ್. ಅಪ್ಪ, ಅಮ್ಮ, ಒಡಹುಟ್ಟಿದವರು, ಗಂಡ, ಹೆಂಡತಿ, ಹೀಗೆ ಪಟ್ಟಿಯಲ್ಲಿರುವ ಸಂಬಂಧಿಕರು ಕೊಟ್ಟರೆ ಪಡೆದವರಿಗೆ ತೆರಿಗೆ ಇಲ್ಲ. ಬೇರೆಯವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿ ದುಡ್ಡು ಬಂದರೆ ಪೂರ್ತಿ ಮೊತ್ತಕ್ಕೂ ತೆರಿಗೆ. ಮದುವೆಯಲ್ಲಿ ಮದುಮಕ್ಕಳಿಗೆ ಬಂದದ್ದಕ್ಕೆ ಮಾತ್ರ ಯಾರೇ ಕೊಟ್ಟಿರಲಿ ವಿನಾಯಿತಿ ಇದೆ. ಗೃಹಪ್ರವೇಶ, ನಾಮಕರಣ, ಹುಟ್ಟುಹಬ್ಬಕ್ಕೆ ಈ ವಿನಾಯಿತಿ ಇಲ್ಲ. ಮದುವೆ ಮುಗಿದ ಮಾರನೇ ವಾರ ಚೀಲದ ದುಡ್ಡನ್ನು ಬ್ಯಾಂಕಿಗೆ ಕಟ್ಟಿದ ಮೇಲೆ, ಇದು ಎಲ್ಲಿಂದ ಬಂತು ಅಂತ ನೋಟಿಸು ಬಂದರೆ ತೋರಿಸೋಕೆ ಮದುವೆ ಪತ್ರಿಕೆ ಮತ್ತು ಮುಯ್ಯಿ ಪುಸ್ತಕ ಎರಡನ್ನೂ ಜೋಪಾನವಾಗಿಡಿ. ಅದರಲ್ಲಿ ಊರು, ಹೆಸರು, ಮೊತ್ತ ಎಲ್ಲ ಇದೆ.